ಗದ್ದೆ ಬಯಲಿನಲ್ಲಿ ಕುಡಿಯುವ ನೀರಿನ ಪೈಪು: ನಾನು ಆರಿಸಿದ್ದು ಹೇಗೆ

ಮಂಡ್ಯ ಸೀಮೆಯ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ, ನಾಲೆ ಹರಿಯುವ ದಿನಗಳಲ್ಲಿ ಮೊಳದುದ್ದ ಅಗೆದರೂ ನೀರು ಒಸರುತ್ತದೆ. ಅಂಥ ಗದ್ದೆಗಳ ನಡುವೆ ಟ್ಯಾಂಕಿನಿಂದ ಊರಿಗೆ ಮೇನ್ ಲೈನ್ ಹಾಕಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಊರಿನವರೆಲ್ಲ ಕೇಳಿದ್ದು, ಯಾವ ಪೈಪು ಗಟ್ಟಿ ಅಂತ. ನಾನು ಮೊದಲು ನೋಡಿದ್ದು ಜಾಯಿಂಟನ್ನು.

ನಮ್ಮ ಊರುಗಳಲ್ಲಿ ನೀರು ದಿನವಿಡೀ ಬಿಡುವುದಿಲ್ಲ. ನೀರಗಂಟಿ ವಾಲ್ವ್ ಮುಚ್ಚಿದ ಮೇಲೆ ತಗ್ಗಿನ ನಲ್ಲಿಗಳಲ್ಲಿ ಹರಿದು ಪೈಪು ಬರಿದಾಗುತ್ತದೆ. ಆಗ ಒಳಗೆ ಒತ್ತಡವಿಲ್ಲ, ಹೊರಗೆ ಗೊಬ್ಬರ, ಔಷಧಿ, ಚರಂಡಿ ಸೇರಿದ ನೀರು ನಿಂತಿದೆ. ಒಣ ನೆಲದಲ್ಲಿ ಸಡಿಲ ಜಾಯಿಂಟಿನಿಂದ ನೀರು ನಷ್ಟವಾದರೆ, ಜೌಗಿನಲ್ಲಿ ಅದೇ ಸಂದಿಯಿಂದ ಕೊಳೆ ಒಳಗೆ ನುಗ್ಗುತ್ತದೆ. ಮಕ್ಕಳು ಕುಡಿಯುವ ನೀರು ಅದು.

ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪನ್ನು ಮೊದಲೇ ಬಿಟ್ಟೆ. ಚೌಳು ಮಣ್ಣು ಅದನ್ನು ಹೊರಗಿನಿಂದಲೇ ತಿನ್ನುತ್ತದೆ. ಪಿವಿಸಿಗೆ ಹಚ್ಚುವ ಸಲ್ಯೂಷನ್‌ಗೆ ಒಣಗಿದ, ಸ್ವಚ್ಛವಾದ ತುದಿ ಬೇಕು. ಕೆಸರಿನ ಗುಂಡಿಯಲ್ಲಿ ಅದು ಆಗದ ಮಾತು.

ಡಿಐ, ಅಂದರೆ ಡಕ್ಟೈಲ್ ಐರನ್ ಎನ್ನುವ ಗಟ್ಟಿ ಎರಕದ ಕಬ್ಬಿಣ, ನನಗೆ ಇಷ್ಟದ ಪೈಪು. ಚೌಳು ತಾಗದಂತೆ ಮೇಲೆ ಪಾಲಿಥೀನ್ ಹಾಳೆಯ ತೋಳು ಹಾಕಿದರೆ ಬಹುಕಾಲ ಬಾಳುತ್ತದೆ. ಆದರೆ ಒಂದರ ತುದಿ ಇನ್ನೊಂದರ ಒಳಗೆ ಕೂರುವ ಅದರ ಸಾಕೆಟ್ಟುಗಳನ್ನು ಹಿಡಿದಿರುವುದು ರಬ್ಬರ್ ರಿಂಗು ಮಾತ್ರ. 150 ಮಿಮೀ ಡಿಐ ಪೈಪಿನಲ್ಲಿ 6 ಕೆಜಿ (ಚದರ ಸೆಂಮೀಗೆ) ಪ್ರೆಶರ್ ಇದ್ದರೆ, 90 ಡಿಗ್ರಿ ತಿರುವನ್ನು ನೀರು ಸುಮಾರು 1,900 ಕೆಜಿ ಬಲದಿಂದ ಹೊರಕ್ಕೆ ದೂಡುತ್ತದೆ. ಅದನ್ನು ತಡೆಯಲು ಕಟ್ಟುವ ಕಾಂಕ್ರೀಟ್ ಬ್ಲಾಕು ಹಿಂದಿನ ಮಣ್ಣಿಗೆ ಆತು ನಿಲ್ಲಬೇಕು. ಕೆಸರಿನಲ್ಲಿ ಅದು ಯಾವುದಕ್ಕೆ ಆತುಕೊಂಡೀತು?

ಹಾಗಾಗಿ ಗದ್ದೆ ಉದ್ದಕ್ಕೂ ಹಾಕಿಸಿದ್ದು 160 ಮಿಮೀ ಎಚ್‌ಡಿಪಿಇ, ಅಂದರೆ ಗಟ್ಟಿ ಪಾಲಿಥೀನ್ ಪೈಪು: ಪಿಇ 100 (ಪ್ಲಾಸ್ಟಿಕ್ಕಿನ ದರ್ಜೆ), ಪಿಎನ್ 10 (ತಡೆಯುವ ಪ್ರೆಶರಿನ ದರ್ಜೆ), ಐಎಸ್ 4984 (ಇಂಥ ಪೈಪಿನ ಭಾರತೀಯ ಮಾನಕ) ಗುರುತು ಇರುವುದು. ತುದಿಗೆ ತುದಿ ಕರಗಿಸಿ ಕೂಡಿಸಿದರೆ ಇಡೀ ಲೈನ್ ಒಂದೇ ಪೈಪು, ತಿರುವಿನಲ್ಲೂ ಬಿಚ್ಚಿಕೊಳ್ಳುವುದಿಲ್ಲ. ರಸ್ತೆ ಪಕ್ಕದ ಪೆಟ್ರೋಲ್ ಬಂಕ್ ಹತ್ತಿರ ಮಾತ್ರ ಡಿಐ ಹಾಕಿ, ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್ ರಿಂಗು ತರಿಸಿದೆ. ಪೆಟ್ರೋಲು, ಡೀಸೆಲು ಇಳಿದ ಮಣ್ಣಿನಲ್ಲಿ ಎಚ್‌ಡಿಪಿಇ ಗೋಡೆಯ ಮೂಲಕವೇ ಅದು ಒಳಗೆ ಇಳಿಯುತ್ತದೆ.

ಬೆಸುಗೆಯೆಲ್ಲ ಗುಂಡಿಯ ಹೊರಗೆ, ರಸ್ತೆ ಏರಿಯ ಮೇಲೆ, ಗಾಳಿಗೆ ಟಾರ್ಪಾಲು ಕಟ್ಟಿ ಮಾಡಿಸಿದೆ. ಪ್ಲೇಟ್ ಬಿಸಿ ಸುಮಾರು 220 ಡಿಗ್ರಿ. ಸುತ್ತ ಉಬ್ಬುವ ಅಂಚು ಎಲ್ಲ ಕಡೆ ಒಂದೇ ದಪ್ಪ ಇರಬೇಕು. ಪೂರ್ತಿ ಆರುವ ತನಕ ಕ್ಲ್ಯಾಂಪ್ ಬಿಚ್ಚಲು ಬಿಡಲಿಲ್ಲ, ಹುಡುಗರು ಎಷ್ಟೇ ಅವಸರ ಮಾಡಿದರೂ.

ಈ ಪೈಪಿನ ದೊಡ್ಡ ತೊಂದರೆ ತೇಲುವುದು. 160 ಮಿಮೀ ಪೈಪು ಮೀಟರಿಗೆ 20 ಲೀಟರ್ ನೀರಿನ ಜಾಗ ಹಿಡಿಯುತ್ತದೆ, ಅದರ ತೂಕವೋ ನಾಲ್ಕು ಕೆಜಿಗೆ ಸ್ವಲ್ಪ ಮೇಲೆ. ಅಂದರೆ ಬರಿದಾದ ಪೈಪನ್ನು ಪ್ರತಿ ಮೀಟರಿಗೂ 16 ಕೆಜಿಯಷ್ಟು ಬಲ ಮೇಲಕ್ಕೆತ್ತುತ್ತದೆ. ಕೆಸರಿನ ರಾಡಿಯಲ್ಲಿ ಇನ್ನೂ ಹೆಚ್ಚು. ಅದಕ್ಕೇ ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯಂತೆ ನೀರು ಬಿಟ್ಟು ನಿಲ್ಲಿಸುವ ಕ್ರಮದಲ್ಲಿ, ನಾಲೆ ನಿಂತಿರುವ ಸರದಿ ನೋಡಿ ಅಗೆಸಿದೆ, ಮಣ್ಣು ಮುಚ್ಚುವ ತನಕ ಪಂಪು ನಿಲ್ಲಿಸಲಿಲ್ಲ, ಮುಚ್ಚುವ ಮೊದಲೇ ಪೈಪಿಗೆ ನೀರು ತುಂಬಿಸಿದೆ. ಕೆಳಗೂ ಸುತ್ತಲೂ ಮರಳು, ಮೇಲೆ ಒಂದು ಮೀಟರ್ ಮಣ್ಣು.

ಬಿಸಿಲಿಗೆ ಇದು ಹಿಗ್ಗುವುದೂ ಕಡಿಮೆಯಲ್ಲ. 30 ಡಿಗ್ರಿ ಏರಿದರೆ 100 ಮೀಟರಿಗೆ 60 ಸೆಂಮೀ. ಆದ್ದರಿಂದ ಎರಡೂ ತುದಿಗಳ ಜೋಡಣೆ ಬೆಳಗಿನ ತಂಪಿನಲ್ಲಿ. ಡಿಐಗೆ ಸೇರುವಲ್ಲಿ ಫ್ಲ್ಯಾಂಜ್ (ಬೋಲ್ಟಿನಿಂದ ಬಿಗಿಯುವ ಬಳೆ) ಹಾಕಿ, ಗಟ್ಟಿ ನೆಲದಲ್ಲಿ ಕಾಂಕ್ರೀಟಿನಿಂದ ಬಿಗಿದೆ. ಇಲ್ಲದಿದ್ದರೆ ಕುಗ್ಗುವ ಪೈಪು ಆಚೆಯ ರಬ್ಬರ್ ಜಾಯಿಂಟನ್ನು ಕಿತ್ತುಕೊಳ್ಳುತ್ತದೆ.

ಮನೆ ಸಂಪರ್ಕದ ವಿಷಯಕ್ಕೆ ದೊಡ್ಡ ಚರ್ಚೆಯೇ ನಡೆಯಿತು. ಮೇನ್ ಪೈಪಿಗೆ ತೂತು ಕೊರೆದು, ಕವಲು ತೆಗೆಯಲು ಅದರ ಮೇಲೆ ಕೂರುವ ಬೋಲ್ಟಿನ ಸ್ಯಾಡಲ್ ಬಿಗಿದರೆ ಅಗ್ಗ. ಆದರೆ ಮೇನ್ ಲೈನಿನಲ್ಲಿ ಇಲ್ಲದಂತೆ ಮಾಡಿದ ಸಂದಿಯನ್ನು ಮನೆಮನೆಗೆ ಹೊಸದಾಗಿ ಕೊಟ್ಟಂತೆ. ಗದ್ದೆ ಅಂಚಿನ ಮನೆಗಳಿಗೆ, ಗುಂಡಿಯ ನೀರು ತೆಗೆಸಿ, ಪೈಪಿನ ಮೇಲ್ಪದರ ಹೆರೆಸಿ, ಕರೆಂಟಿನಿಂದ ಕರಗಿ ಕೂಡುವ ಎಲೆಕ್ಟ್ರೋಫ್ಯೂಷನ್ ಸ್ಯಾಡಲ್ಲನ್ನೇ ಹಾಕಿಸಿದೆ.