ಹಿಗ್ಗಿದ ಬಲಭಾಗ, ಕಾಣದ ರಂಧ್ರ: ನನ್ನ ಅನುಭವ

ದಾವಣಗೆರೆಯಲ್ಲಿ ನಾನು ಎಕೋ (ಶಬ್ದತರಂಗದಿಂದ ಹೃದಯವನ್ನು ನೋಡುವ ಪರೀಕ್ಷೆ) ಮಾಡಲು ಆರಂಭಿಸಿದ ಮೊದಲ ವರ್ಷಗಳಲ್ಲಿ, ಹುಟ್ಟಿನಿಂದಲೇ ಬರುವ ಹೃದಯದೋಷವನ್ನು ಮಕ್ಕಳಲ್ಲಿ ಹುಡುಕುವಷ್ಟು ಶ್ರದ್ಧೆಯಿಂದ ದೊಡ್ಡವರಲ್ಲಿ ಹುಡುಕುತ್ತಿರಲಿಲ್ಲ. ಆ ಅಭ್ಯಾಸ ಬದಲಾದದ್ದು ಜಗಳೂರು ಕಡೆಯಿಂದ ಬಂದ, ಸುಮಾರು 38 ವರ್ಷದ ಹೆಣ್ಣುಮಗಳೊಬ್ಬರಿಂದ. ದಮ್ಮಿನ ಕಾಯಿಲೆಯೆಂದು ನಾಲ್ಕು ವರ್ಷ ಇನ್‌ಹೇಲರ್ ಬಳಸಿದ್ದರೂ, ಮೆಕ್ಕೆಜೋಳದ ಹೊಲದಲ್ಲಿ ಒಂದು ಸಾಲು ಕಳೆ ತೆಗೆಯುವಷ್ಟರಲ್ಲಿ ಅವರಿಗೆ ಏದುಸಿರು ಬರುತ್ತಿತ್ತು. "ಎರಡು ಹೆರಿಗೆ ಆದಾಗ್ಲೂ ಏನೂ ತೊಂದ್ರೆ ಇರ್ಲಿಲ್ಲ ಸರ್" ಎಂದಿದ್ದರು.

ಮೊದಲ ದಿನದ ಎಕೋದಲ್ಲಿ ಬಲ ಹೃತ್ಕುಕ್ಷಿಯ (ಹೃದಯದ ಕೆಳಗಿನ ಕೋಣೆ) ಬುಡದ ಅಗಲ 48 ಮಿ.ಮೀ. ಇತ್ತು, ಸಾಮಾನ್ಯ ಮಿತಿ 41. ಹೃತ್ಕರ್ಣಗಳ (ಹೃದಯದ ಮೇಲಿನ ಎರಡು ಕೋಣೆಗಳು) ನಡುವಿನ ಗೋಡೆಯ ಮಧ್ಯಭಾಗದಲ್ಲಿ ರಂಧ್ರ ಕಾಣಲಿಲ್ಲ. ಶ್ವಾಸಕೋಶದ ಕಾಯಿಲೆಯಿಂದ ಹೀಗಾಗಿರಬಹುದು ಎಂದು ವರದಿಯಲ್ಲಿ ಬರೆದು ಕಳಿಸಿಬಿಟ್ಟೆ. ಅದು ನನ್ನ ತಪ್ಪು.

ರಾತ್ರಿ ಉಳಿಸಿಟ್ಟ ಚಿತ್ರಗಳನ್ನು ಮತ್ತೆ ನೋಡುವಾಗ ಒಂದು ಅಂಕಿ ಕಾಡಿತು. ಬಲ ಹೃತ್ಕರ್ಣ ಮತ್ತು ಬಲ ಹೃತ್ಕುಕ್ಷಿಯ ನಡುವಿನ ಮೂರು ದಳದ ಕವಾಟದಿಂದ ಹಿಂದಕ್ಕೆ ಸೋರುವ ರಕ್ತದ ವೇಗ ಸೆಕೆಂಡಿಗೆ 2.7 ಮೀಟರ್ ಮಾತ್ರ ಇತ್ತು. ವೇಗದ ವರ್ಗವನ್ನು 4ರಿಂದ ಗುಣಿಸಿದರೆ ಸುಮಾರು 29 ಮಿ.ಮೀ. ಪಾದರಸದ ಒತ್ತಡದ ವ್ಯತ್ಯಾಸ ಸಿಗುತ್ತದೆ. ಶ್ವಾಸಕೋಶದ ಕಾಯಿಲೆಯೇ ಹೃತ್ಕುಕ್ಷಿಯನ್ನು ಇಷ್ಟು ಹಿಗ್ಗಿಸಿದ್ದರೆ ಒತ್ತಡ ಇದಕ್ಕಿಂತ ಬಹಳ ಹೆಚ್ಚಿರಬೇಕಿತ್ತು. ಒತ್ತಡ ಹೆಚ್ಚದೆ ಕೋಣೆ ಹಿಗ್ಗಿದೆಯೆಂದರೆ ಅಲ್ಲಿಗೆ ಬರಬೇಕಾದುದಕ್ಕಿಂತ ಹೆಚ್ಚು ರಕ್ತ ಎಲ್ಲಿಂದಲೋ ಬರುತ್ತಿದೆಯೇ ಎಂದು ಅನುಮಾನಿಸಬೇಕು.

ಮರುದಿನ ಅವರನ್ನು ಕರೆಸಿ ಮೊದಲು ಸ್ಟೆತಸ್ಕೋಪ್ ಇಟ್ಟೆ. ಎರಡನೆಯ ಹೃದಯಶಬ್ದ ಇಬ್ಭಾಗವಾಗಿ ಕೇಳುತ್ತಿತ್ತು. ಉಸಿರು ಎಳೆದರೂ ಬಿಟ್ಟರೂ ಆ ಅಂತರ ಬದಲಾಗಲಿಲ್ಲ. ನಂತರ ಮೊಣಕಾಲು ಮಡಚಿ ಮಲಗಿಸಿ, "ಉಸಿರು ಎಳೆದು ಹಿಡ್ಕೊಳ್ಳಮ್ಮ" ಎಂದು ಹೇಳಿ ಶಬ್ದತರಂಗ ಕಳಿಸುವ ಪ್ರೋಬನ್ನು ಪಕ್ಕೆಲುಬಿನ ಕೆಳಗಿಟ್ಟೆ. ಹೃದಯದ ತುದಿಯಿಂದ ನೋಡುವಾಗ ಶಬ್ದತರಂಗ ಗೋಡೆಗೆ ಸಮಾನಾಂತರವಾಗಿ ಸಾಗುವುದರಿಂದ ಇಲ್ಲದ ರಂಧ್ರ ಇದ್ದಂತೆಯೂ ಇರುವ ಹರಿವು ಇಲ್ಲದಂತೆಯೂ ತೋರಬಹುದು. ಕೆಳಗಿನಿಂದ ನೋಡಿದರೆ ತರಂಗ ಗೋಡೆಗೆ ನೇರವಾಗಿ ಬಡಿಯುತ್ತದೆ. ಮಂದಗತಿಯ ಹರಿವೂ ಕಾಣಲೆಂದು, ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್‌ನ ವೇಗಮಿತಿಯನ್ನು ಸೆಕೆಂಡಿಗೆ 60ರಿಂದ 35 ಸೆಂ.ಮೀ.ಗೆ ಇಳಿಸಿದೆ. ಪ್ರೋಬನ್ನು ನಿಧಾನವಾಗಿ ತಿರುಗಿಸುತ್ತ ತಲೆ, ಕೈಗಳ ರಕ್ತ ತರುವ ಮೇಲಿನ ಮಹಾಭಿಧಮನಿ ಬಲ ಹೃತ್ಕರ್ಣವನ್ನು ಸೇರುವ ಜಾಗಕ್ಕೆ ಬಂದಾಗ, ಗೋಡೆಯ ತೀರ ಮೇಲಂಚಿನಲ್ಲಿ ಎಡದಿಂದ ಬಲಕ್ಕೆ ಹರಿಯುವ ಕೆಂಪು ಪಟ್ಟಿ ಕಂಡಿತು.

ಖಚಿತಪಡಿಸಿಕೊಳ್ಳಲು ಗುಳ್ಳೆಗಳ ಪರೀಕ್ಷೆ ಮಾಡಿದೆ: ರಂಧ್ರವಿದ್ದರೆ, ಹರಿವು ಹೆಚ್ಚಾಗಿ ಎಡದಿಂದ ಬಲಕ್ಕಿದ್ದರೂ, ಬಲಗಡೆಗೆ ಬಂದ ಗುಳ್ಳೆಗಳಲ್ಲಿ ಕೆಲವು ಕ್ಷಣಮಾತ್ರ ಎಡಗಡೆಗೂ ದಾಟಬಹುದು. 9 ಮಿ.ಲೀ. ಸಲೈನ್ ಮತ್ತು 1 ಮಿ.ಲೀ. ಗಾಳಿಯನ್ನು ಎರಡು ಸಿರಿಂಜ್‌ಗಳ ನಡುವೆ ರಭಸದಿಂದ ಹಲವು ಬಾರಿ ಆಚೀಚೆ ತಳ್ಳಿ, ಕಣ್ಣಿಗೆ ಕಾಣುವ ಗಾಳಿಯನ್ನೆಲ್ಲ ಹೊರಹಾಕಿ, ಎಡಗೈ ರಕ್ತನಾಳಕ್ಕೆ ಕೊಟ್ಟೆವು. ಎಡಗೈಯನ್ನೇ ಆರಿಸಿದ್ದಕ್ಕೆ ಕಾರಣವಿದೆ: ಎಡಭಾಗದಲ್ಲಿ ಇನ್ನೊಂದು ಮಹಾಭಿಧಮನಿ ಉಳಿದುಕೊಂಡಿದ್ದರೆ ಗುಳ್ಳೆಗಳು ಮೊದಲು, ಹೃದಯದ ಸ್ನಾಯುವಿನ ರಕ್ತವನ್ನು ಬಲ ಹೃತ್ಕರ್ಣಕ್ಕೆ ತರುವ ನಾಳವಾದ ಕೊರೊನರಿ ಸೈನಸ್‌ನಲ್ಲಿ ಕಾಣಿಸಿಕೊಂಡು ಅದನ್ನೂ ತಿಳಿಸುತ್ತವೆ. ಅವರಲ್ಲಿ ಅದು ಇರಲಿಲ್ಲ. ಬಲ ಹೃತ್ಕರ್ಣ ಬೆಳ್ಳಗೆ ತುಂಬಿ ಮೂರು ಬಡಿತ ಕಳೆಯುವುದರೊಳಗೆ ನಾಲ್ಕಾರು ಗುಳ್ಳೆಗಳು ಎಡಗಡೆ ಹಾದುಹೋದವು.

ಮಹಾಭಿಧಮನಿ ಸೇರುವ ಜಾಗದ ಇಂತಹ ರಂಧ್ರವೇ ಸೈನಸ್ ವೀನೋಸಸ್ ದೋಷ. ಹೃತ್ಕರ್ಣಗಳ ಗೋಡೆಯ ದೋಷಗಳಲ್ಲಿ ಇದರ ಪಾಲು ನೂರಕ್ಕೆ 5ರಿಂದ 10ರಷ್ಟು. ಎದೆಯ ಮೇಲಿನ ಎಕೋದಲ್ಲಿ ಸುಲಭವಾಗಿ ತಪ್ಪಿಹೋಗುವುದೂ ಇದೇ. ಬೆಂಗಳೂರಿಗೆ ಕಳಿಸಿ ಅನ್ನನಾಳದ ಮೂಲಕ ಎಕೋ ಮಾಡಿಸಿದಾಗ, ಬಲ ಶ್ವಾಸಕೋಶದ ಮೇಲ್ಭಾಗದ ಅಭಿಧಮನಿ ಮಹಾಭಿಧಮನಿಗೇ ಸೇರಿರುವುದೂ ತಿಳಿಯಿತು. ರಂಧ್ರ ಮುಚ್ಚುವ ಛತ್ರಿಯಂತಹ ಸಾಧನ ಹಿಡಿದು ನಿಲ್ಲಲು ಅಂಚಿಲ್ಲದ ಕಾರಣ ಶಸ್ತ್ರಚಿಕಿತ್ಸೆ ಮಾಡಿ, ಆ ರಕ್ತವನ್ನು ಎಡ ಹೃತ್ಕರ್ಣಕ್ಕೆ ತಿರುಗಿಸಿದರು.

ಆರು ತಿಂಗಳ ನಂತರ ಅವರು ಬಂದಾಗ, ಹೊಲಿಗೆ ಹಾಕಿದ ಕಡೆ ಮಹಾಭಿಧಮನಿಯಾಗಲಿ ತಿರುಗಿಸಿದ ಅಭಿಧಮನಿಯಾಗಲಿ ಕಿರಿದಾಗಿದೆಯೇ ಎಂಬುದನ್ನೇ ಮೊದಲು ನೋಡಿದೆ. ಎರಡರಲ್ಲೂ ಹರಿವಿಗೆ ತಡೆಯಿರಲಿಲ್ಲ. ಬಲ ಹೃತ್ಕುಕ್ಷಿ 40 ಮಿ.ಮೀ.ಗೆ ಇಳಿದಿತ್ತು.