ಹಾಟ್ ಟಬ್‌ನಲ್ಲಿ ಮಂಡಿಗೆ ಹಗುರ ವ್ಯಾಯಾಮ: ಮೊದಲು ಬಿಸಿ ಇಳಿಸಿ

ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ವಾಕಿಂಗ್ ನಿಂತಿತೆಂದೇ ಅರ್ಥ. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕಾಲಿಟ್ಟರೆ ಜಾರುವ ರಸ್ತೆ, ತೋಟದ ದಾರಿಗೆ ಇಳಿದರೆ ಜಿಗಣೆ. ಇಳಿಜಾರಿನ ಕಾಫಿ ತೋಟವನ್ನು ವರ್ಷಗಟ್ಟಲೆ ಹತ್ತಿ ಇಳಿದ ಮಂಡಿ, ಹರೆಯದಲ್ಲಿ ಹಾಕಿ ಆಡಿದ ಮಂಡಿ, ಎರಡೂ ಈ ಚಳಿಗೆ ಬಿಗಿದುಕೊಳ್ಳುತ್ತವೆ. ಸುಮ್ನೆ ಕೂತರೆ ಬಿಗಿತ ಇನ್ನೂ ಜಾಸ್ತಿ. ಮನೆಯಲ್ಲಿ ಹಾಟ್ ಟಬ್, ಅಂದರೆ ಕೂತು ಮೈ ಕಾಯಿಸಿಕೊಳ್ಳುವ ಬಿಸಿನೀರಿನ ದೊಡ್ಡ ತೊಟ್ಟಿ, ಇದ್ದವರು ಆ ತಿಂಗಳುಗಳಲ್ಲಿ ಅದನ್ನೇ ವ್ಯಾಯಾಮದ ಜಾಗ ಮಾಡಿಕೊಳ್ಳಬಹುದು. ಆದರೆ ಮೈ ಕಾಯಿಸಿಕೊಳ್ಳುವ ಬಿಸಿಯಲ್ಲೇ ವ್ಯಾಯಾಮ ಮಾಡಬಾರದು.

ಮೈಬಿಸಿ ಸುಮಾರು 37 ಡಿಗ್ರಿ. ಹಾಟ್ ಟಬ್‌ನ ನೀರಿಗೆ ಮಿತಿ 40 ಡಿಗ್ರಿ. ಅಷ್ಟು ಬಿಸಿಯ ನೀರಿನಲ್ಲಿ ಕೂತಾಗ ಬೆವರು ಆರುವುದಿಲ್ಲ, ಹಾಗಾಗಿ ಒಳಗಿನ ಬಿಸಿ ಹೊರಹೋಗಲು ದಾರಿ ಇಲ್ಲ. ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬಿಪಿ ಇಳಿಯುತ್ತದೆ, ಹೃದಯದ ಬಡಿತ ಜೋರಾಗುತ್ತದೆ. ಅದರ ಮೇಲೆ ಕೈಕಾಲು ಆಡಿಸಿದರೆ ಸ್ನಾಯುಗಳೂ ತಮ್ಮ ಬಿಸಿ ಸೇರಿಸುತ್ತವೆ. ತಲೆಸುತ್ತು ಬರುವುದು ಹೀಗೆಯೇ. ಅದಕ್ಕೇ ವ್ಯಾಯಾಮಕ್ಕೆ 34ರಿಂದ 35 ಡಿಗ್ರಿ ಸಾಕು. ಮೊದಲು ಸ್ವಲ್ಪ ತಣ್ಣಗೆನಿಸುತ್ತದೆ. ಕೈಕಾಲು ಆಡತೊಡಗಿದ ಮೇಲೆ ಹಿತವಾಗುತ್ತದೆ.

ಮುಚ್ಚಳ ಗಟ್ಟಿಯಾಗಿರುವ ಟಬ್ ಬೇಗ ತಣಿಯುವುದಿಲ್ಲ. ಬೆಳಿಗ್ಗೆ ವ್ಯಾಯಾಮವಿದ್ದರೆ ಹಿಂದಿನ ರಾತ್ರಿಯೇ ಬಿಸಿ ಇಳಿಸಿಡಿ. ಕೈ ಅದ್ದಿ ನೋಡಿ ಅಂದಾಜು ಮಾಡಬೇಡಿ. ಚಳಿಗೆ ಮರಗಟ್ಟಿದ ಕೈಗೆ ಉಗುರುಬೆಚ್ಚಗಿನ ನೀರೂ ಸುಡುವಂತೆಯೇ ಅನ್ನಿಸುತ್ತದೆ ಅಲ್ವಾ? ನೀರಿನಲ್ಲಿ ತೇಲುವ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ.

ಯಾರು ಕೇಳಿ ಇಳಿಯಬೇಕು, ಯಾರು ಇಳಿಯಬಾರದು

ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಪಾರ್ಶ್ವವಾಯು ಆಗಿದ್ದವರು ಡಾಕ್ಟರನ್ನು ಕೇಳದೆ ಇಳಿಯಬೇಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರೂ ಅಷ್ಟೇ, ಅವರಿಗೆ ಸುಟ್ಟದ್ದು ಗೊತ್ತಾಗುವುದಿಲ್ಲ. ಬಿಪಿ ಮಾತ್ರೆ ನುಂಗುವವರು, ಮಂಡಿ ಅಥವಾ ಸೊಂಟದ ಆಪರೇಷನ್ ಆದವರು, ಬಸುರಿಯರು ಕೂಡ ಮೊದಲು ಕೇಳಿಕೊಳ್ಳಬೇಕು. ಜ್ವರ, ಭೇದಿ ಇದ್ದರೆ ಬೇಡ. ಜಿಗಣೆ ಕಚ್ಚಿದ ಗಾಯ ಇನ್ನೂ ಜಿನುಗುತ್ತಿದ್ದರೆ ಅದು ಮಾಯುವವರೆಗೆ ಕಾಯಿರಿ. ಒಂದು ಪೆಗ್ ಹಾಕಿ ಇಳಿಯುವುದಂತೂ ಬೇಡವೇ ಬೇಡ. ಹೆಂಡವೂ ಬಿಸಿನೀರೂ ಎರಡೂ ಬಿಪಿ ಇಳಿಸುತ್ತವೆ, ನೀರಿನಲ್ಲೇ ನಿದ್ದೆ ಹತ್ತಿದರೆ ಜೀವಕ್ಕೇ ಅಪಾಯ.

ಮಂಡಿಗೆ ನೋವಿನ ಎಣ್ಣೆ, ಬಾಮ್ ಹಚ್ಚಿಕೊಂಡು ಇಳಿಯುವ ಅಭ್ಯಾಸವೂ ಒಳ್ಳೆಯದಲ್ಲ. ಬಾಮ್ ಬಿಸಿನೀರಿಗೆ ಉರಿಯುತ್ತದೆ. ಎಣ್ಣೆ ಫಿಲ್ಟರಿಗೆ ಮೆತ್ತಿಕೊಳ್ಳುತ್ತದೆ, ಟಬ್‌ನ ತಳವನ್ನು ಜಾರುವಂತೆ ಮಾಡುತ್ತದೆ. ಸೋಪು ಹಾಕಿ ಮೈ ತೊಳೆದು ಇಳಿಯಿರಿ. ಎಣ್ಣೆ ಹಚ್ಚುವುದೇನಿದ್ದರೂ ಆಮೇಲೆ.

ಇಳಿಯುವ ಮೊದಲು ಮೆಟ್ಟಿಲು ನೋಡಿ

ನನ್ನ ಮಟ್ಟಿಗೆ ಕೊಡಗಿನ ಹಾಟ್ ಟಬ್‌ಗಳಲ್ಲಿ ಅತಿ ಅಪಾಯದ ಜಾಗ ನೀರಲ್ಲ, ಮೆಟ್ಟಿಲು. ಹೊರಗಿಟ್ಟ ಟಬ್‌ನ ಮೆಟ್ಟಿಲಿಗೆ ಮಳೆಗಾಲದಲ್ಲಿ ಬೇಗ ಪಾಚಿ ಕಟ್ಟುತ್ತದೆ. ಹಸಿರಾಗಿ ಕಾಣುವ ಮೊದಲೇ ಜಾರುತ್ತದೆ. ಗಟ್ಟಿ ಬ್ರಷ್‌ನಿಂದ ವಾರಕ್ಕೊಮ್ಮೆಯಾದರೂ ಉಜ್ಜಿ. ಗೋಡೆಗೆ ಒಂದು ಗಟ್ಟಿ ಹಿಡಿಕೆ ಹಾಕಿಸಿ. ವಯಸ್ಸಾದವರು ಇಳಿಯುವಾಗ, ಏಳುವಾಗ ಮನೆಯವರೊಬ್ಬರು ಪಕ್ಕದಲ್ಲಿರಲಿ. ಉದ್ದ ಕೂದಲನ್ನು ಮೇಲೆತ್ತಿ ಕಟ್ಟಿ, ನೀರು ಎಳೆಯುವ ತೂತಿನ ಜಾಲರಿ ಒಡೆದಿದ್ದರೆ ಟಬ್ ಬಳಸಬೇಡಿ.

ಕರೆಂಟಿನ ವಿಷಯದಲ್ಲಿ ರಾಜಿ ಇಲ್ಲ. ಟಬ್‌ಗೆ ಬೇರೆಯೇ ಲೈನ್, ಸರಿಯಾದ ಅರ್ತಿಂಗ್, 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಏಪ್ರಿಲ್, ಮೇ ತಿಂಗಳಿನ ಸಂಜೆ ಗುಡುಗು ಕೇಳಿಸಿದ ಕೂಡಲೇ ಹೊರಗಿನ ಟಬ್‌ನಿಂದ ಎದ್ದು ಮನೆಯೊಳಗೆ ಬನ್ನಿ.

ವ್ಯಾಯಾಮ

ಎದೆಯವರೆಗೆ ನೀರಿದ್ದರೆ ಕಾಲಿನ ಮೇಲೆ ಬೀಳುವ ಭಾರ ಮೂರರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ. ಸೊಂಟದವರೆಗೆ ಇದ್ದರೆ ಸುಮಾರು ಅರ್ಧ. ಹಾಟ್ ಟಬ್ ಈಜುಕೊಳದಷ್ಟು ಆಳ ಇರುವುದಿಲ್ಲ, ಎದ್ದು ನಿಂತರೆ ನೀರು ತೊಡೆ ಅಥವಾ ಸೊಂಟಕ್ಕೇ ನಿಲ್ಲುತ್ತದೆ. ಹಾಗಾಗಿ ಹೆಚ್ಚಿನದನ್ನು ಕೂತೇ ಮಾಡಿ. ನೀರು ಚಿಮ್ಮಿಸುವ ಜೆಟ್‌ಗಳನ್ನು ಆಫ್ ಮಾಡಿ, ಇಲ್ಲದಿದ್ದರೆ ನೊರೆಯಲ್ಲಿ ಕಾಲು ಎಲ್ಲಿದೆ ಅಂತಲೇ ಕಾಣುವುದಿಲ್ಲ.

ಮೊದಲ ಎರಡು ನಿಮಿಷ ಪಾದ. ಬೆರಳುಗಳನ್ನು ನಿಮ್ಮ ಕಡೆಗೆ ಎಳೆಯಿರಿ, ಮತ್ತೆ ಮುಂದಕ್ಕೆ ಚಾಚಿ. ಆಮೇಲೆ ಹರಡನ್ನು ಎರಡೂ ಕಡೆ ತಿರುಗಿಸಿ.

ಈಗ ಮಂಡಿ. ಸೀಟಿನ ಅಂಚಿಗೆ ಸ್ವಲ್ಪ ಮುಂದೆ ಬಂದು ಬೆನ್ನು ನೇರ ಮಾಡಿ ಕೂರಿ. ಒಂದು ಕೈಯಲ್ಲಿ ಟಬ್‌ನ ಅಂಚು ಹಿಡಿಯಿರಿ. ಬಲಗಾಲನ್ನು ನಿಧಾನಕ್ಕೆ ನೇರ ಮಾಡಿ, ಪಾದದ ಬೆರಳು ನಿಮ್ಮ ಕಡೆಗಿರಲಿ. ಮಂಡಿಚಿಪ್ಪಿಗಿಂತ ಸ್ವಲ್ಪ ಮೇಲೆ, ತೊಡೆಯ ಮೇಲೆ ಇನ್ನೊಂದು ಕೈಯಿಟ್ಟರೆ ಅಲ್ಲಿನ ಸ್ನಾಯು ಗಟ್ಟಿಯಾಗುವುದು ತಿಳಿಯುತ್ತದೆ. ಮೂರು ಎಣಿಸಿ. ಕಾಲು ಇಳಿಸುವಾಗ ಸುಮ್ಮನೆ ಬಿಡಬೇಡಿ, ಹಿಮ್ಮಡಿಯಿಂದ ನೀರನ್ನು ಒತ್ತುತ್ತಾ ಕೆಳಗೆ ತನ್ನಿ. ನೆಲದ ಮೇಲೆ ಕಾಲು ಎತ್ತುವುದು ಕಷ್ಟ, ಇಳಿಸುವುದು ಸುಲಭ. ನೀರಿನಲ್ಲಿ ಎತ್ತುವಾಗ ನೀರೇ ಕೈಜೋಡಿಸುತ್ತದೆ, ಒತ್ತಿ ಇಳಿಸುವುದೇ ನಿಜವಾದ ಕೆಲಸ. ತೊಡೆಯ ಹಿಂಭಾಗಕ್ಕೆ ಶಕ್ತಿ ಬರುವುದು ಅದರಿಂದಲೇ. ಒಂದೊಂದು ಕಾಲಿಗೆ ಎಂಟು ಸಲ ಸಾಕು.

ಆಮೇಲೆ ಕೂತಲ್ಲೇ ನಡಿಗೆ: ಒಂದು ಮಂಡಿ ಎದೆಯ ಕಡೆಗೆ, ಅದು ಇಳಿಯುವಾಗ ಇನ್ನೊಂದು. ಒಂದು ನಿಮಿಷ.

ಭುಜಕ್ಕೆ ಹೀಗೆ ಮಾಡಿ. ಭುಜ ನೀರಿನಲ್ಲಿ ಮುಳುಗುವಷ್ಟು ತಗ್ಗಿ ಕೂರಿ. ಕೈ ಮುಂದೆ ಚಾಚಿ, ಅಂಗೈ ತೆರೆದು ಹೊರಗಡೆಗೆ ತಳ್ಳಿ, ಅಂಗೈ ತಿರುಗಿಸಿ ಒಳಗೆ ತನ್ನಿ. ಅಂಗೈ ಅಡ್ಡವಾಗಿದ್ದರೆ ನೀರಿನ ತಡೆ ಜಾಸ್ತಿ, ಕತ್ತಿಯಂತೆ ನೇರ ಹಿಡಿದರೆ ಕಡಿಮೆ. ವೇಗ ಎರಡು ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಭುಜ ನೋವಿರುವವರು ಮೆಲ್ಲಗೆ ಮಾಡಬೇಕೆನ್ನುವುದು ಇದಕ್ಕೇ. ಕಾಫಿ ಕುಯ್ಲಿನಲ್ಲಿ ಬೆರಳು ಸೋತವರು ಕೊನೆಗೆ ನೀರಿನೊಳಗೆ ಮುಷ್ಟಿ ಬಿಗಿದು ಬಿಡಿಸಿ.

ನಿಂತು ಮಾಡುವುದು ಒಂದೇ ಇರಲಿ. ಎರಡೂ ಕೈಯಲ್ಲಿ ಅಂಚು ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಎಂಟು ಸಲ. ನಿಂತಾಗ ಸಮತೋಲ ತಪ್ಪುವವರಿಗೆ ಇದೂ ಬೇಡ.

ಮೊದಲ ವಾರ ಒಟ್ಟು ಹತ್ತು ನಿಮಿಷ. ಮುಂದೆ ಹದಿನೈದು, ಹೆಚ್ಚೆಂದರೆ ಇಪ್ಪತ್ತು. ನಡುವೆ ಚುಚ್ಚುವಂಥ ನೋವು, ತಲೆಸುತ್ತು, ಎದೆ ಹಿಡಿದಂತಾದರೆ ಅಲ್ಲಿಗೇ ನಿಲ್ಲಿಸಿ. ಎದೆ ಹಿಡಿದದ್ದು ಬಿಡದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮರುದಿನ ಮಂಡಿ ಊದಿದರೆ ಸಲದ ಲೆಕ್ಕ ಅರ್ಧ ಮಾಡಿ. ಏಳುವ ಮೊದಲು ಒಂದು ನಿಮಿಷ ಅಂಚಿನ ಮೇಲೆ ಕೂರಿ, ಕಾಲು ಮಾತ್ರ ನೀರಿನಲ್ಲಿರಲಿ. ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಟವೆಲ್ ಕೈಗೆಟಕುವಂತಿರಲಿ, ಕಾಫಿಗಿಂತ ಮೊದಲು ಒಂದು ಲೋಟ ನೀರು ಕುಡಿಯಿರಿ.

ನೀರು

ಬೆಚ್ಚಗಿನ ನೀರು ಬ್ಯಾಕ್ಟೀರಿಯಾಗಳಿಗೂ ಇಷ್ಟ. ಮೈಮೇಲೆ ಗುಳ್ಳೆ ಎಬ್ಬಿಸುವ ಸ್ಯೂಡೊಮೊನಾಸ್, ಶ್ವಾಸಕೋಶಕ್ಕೆ ನುಗ್ಗುವ ಲೀಜಿಯೊನೆಲ್ಲಾ ಎರಡೂ ಇಂಥ ನೀರಿನಲ್ಲೇ ಬೆಳೆಯುತ್ತವೆ. ಟೆಸ್ಟ್ ಸ್ಟ್ರಿಪ್ ಅದ್ದಿ ನೋಡಿ: ಕ್ಲೋರಿನ್ 3ರಿಂದ 5 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಇಷ್ಟು ಪಾಲು), ಪಿಎಚ್ (ಆಮ್ಲ, ಕ್ಷಾರದ ಅಳತೆ) 7.2ರಿಂದ 7.8ರ ಒಳಗೆ ಇರಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋದಾಗ ಫಿಲ್ಟರ್ ನಿಲ್ಲುತ್ತದೆ, ಕ್ಲೋರಿನ್ ಇಳಿಯುತ್ತದೆ. ಕರೆಂಟ್ ಬಂದ ಕೂಡಲೇ ಇಳಿಯಬೇಡಿ. ಫಿಲ್ಟರ್ ಓಡಿಸಿ, ಕ್ಲೋರಿನ್ ಸರಿಮಾಡಿ, ಮತ್ತೆ ಪರೀಕ್ಷಿಸಿ. ನೀರು ಕದಡಿದ್ದರೆ, ವಾಸನೆ ಬಂದರೆ ಪೂರ್ತಿ ಬದಲಿಸುವುದೇ ಸರಿ.

ಹಳೆ ನೀರನ್ನು ನೇರವಾಗಿ ತೋಡಿಗೆ ಬಿಡಬೇಡಿ, ಕ್ಲೋರಿನ್‌ಗೆ ಮೀನು, ಕಪ್ಪೆ ಸಾಯುತ್ತವೆ. ಹೀಟರ್ ಆಫ್ ಮಾಡಿ, ಮಕ್ಕಳು ಹತ್ತಿರ ಹೋಗದಂತೆ ನೋಡಿಕೊಂಡು ಮುಚ್ಚಳ ತೆಗೆದು ಎರಡು ಮೂರು ದಿನ ಬಿಡಿ. ಸ್ಟ್ರಿಪ್‌ನಲ್ಲಿ ಕ್ಲೋರಿನ್ ಸೊನ್ನೆ ತೋರಿಸಿದ ಮೇಲೆ ಬಾವಿಯಿಂದ ದೂರದ ಜಾಗಕ್ಕೆ, ಒಂದೇ ಕಡೆ ನಿಲ್ಲದ ಹಾಗೆ ನಿಧಾನವಾಗಿ ಹರಿಸಿ.