ಎಎನ್‌ಎ ಪಾಸಿಟಿವ್ ಬಂದಿದ್ಯಾ? ಜೀವಕ್ಕೆ ಎಷ್ಟು ರಿಸ್ಕ್ ಅಂತ ನೋಡ್ಕೊಳ್ಳೋದು ಹೀಗೆ

ಕೀಲುನೋವು, ಸುಸ್ತು ಅಂತ ಹೋದವ್ರಿಗೆ ಡಾಕ್ಟ್ರು ಎಎನ್‌ಎ ಟೆಸ್ಟ್ ಬರೀತಾರೆ, ಪಾಸಿಟಿವ್ ಬರತ್ತೆ, ಆಮೇಲೆ ರಾತ್ರಿಯೆಲ್ಲಾ ಮೊಬೈಲಲ್ಲಿ ಹುಡುಕಿ ಇನ್ನೆಷ್ಟು ವರ್ಷ ಬದುಕ್ತೀನೋ ಅಂತ ಕಂಗಾಲಾಗ್ತಾರೆ. ದಯವಿಟ್ಟು ಹಾಗ್ ಮಾಡ್ಬೇಡಿ. ನಮ್ಮ ಮೈಯದ್ದೇ ಪ್ರೋಟೀನ್, ಡಿಎನ್‌ಎ ಥರದ್ದರ ಮೇಲೆ ತಿರುಗಿ ಬೀಳೋ ಆಂಟಿಬಾಡಿನೇ ಆಟೋಆಂಟಿಬಾಡಿ; ಎಎನ್‌ಎ ಅಂದ್ರೆ ಜೀವಕೋಶದ ನ್ಯೂಕ್ಲಿಯಸ್ ಮೇಲೆ ಬೀಳೋ ಅಂಥ ಆಂಟಿಬಾಡಿಗಳ ಗುಂಪು, ಅದು ರಕ್ತದಲ್ಲಿ ಇದ್ದ ಮಾತ್ರಕ್ಕೆ ಕಾಯಿಲೆ ಇದೆ ಅಂತಲ್ಲ.

ಮೊದ್ಲು ಟೈಟರ್ ನೋಡಿ, ಅಂದ್ರೆ ರಕ್ತದ ಸ್ಯಾಂಪಲ್ಲನ್ನ ಎಷ್ಟು ಪಟ್ಟು ತೆಳು ಮಾಡಿದ್ರೂ ಆಂಟಿಬಾಡಿ ಕಾಣತ್ತೆ ಅನ್ನೋ ಅಳತೆ. 1:40 ಅನ್ನೋದು ಆರೋಗ್ಯವಾಗಿರೋ ನೂರು ಜನರಲ್ಲಿ 25-30 ಜನಕ್ಕೆ ಬರತ್ತೆ, 1:160 ಆದ್ರೆ ಸುಮಾರು 5 ಜನಕ್ಕೆ. ಟೈಟರ್ ಕಮ್ಮಿ ಇದ್ದು ಬೇರೆ ಲಕ್ಷಣ ಏನೂ ಇಲ್ಲ ಅಂದ್ರೆ ಸಾಮಾನ್ಯವಾಗಿ ಭಯ ಪಡೋಂಥದ್ದಿಲ್ಲ.

ಟೈಟರ್ ಜಾಸ್ತಿ ಇದ್ರೆ, ಲಕ್ಷಣಾನೂ ಇದ್ರೆ, ಯಾವ ಆಂಟಿಬಾಡಿ ಅಂತ ಪ್ರೊಫೈಲ್ ಟೆಸ್ಟಲ್ಲಿ ತಿಳ್ಕೊಳ್ಳಿ, ಯಾಕಂದ್ರೆ ಜೀವಕ್ಕೆ ಕುತ್ತು ಬರೋದು ಆಂಟಿಬಾಡಿ ನಂಬರಿಂದ ಅಲ್ಲ, ಅದು ಯಾವ ಅಂಗಕ್ಕೆ ಕೈ ಹಾಕತ್ತೆ ಅನ್ನೋದ್ರಿಂದ. ಡಿಎಸ್-ಡಿಎನ್‌ಎ ಅನ್ನೋ ಆಂಟಿಬಾಡಿ ಇದ್ರೆ ಕಿಡ್ನಿಗೆ ತೊಂದರೆ ಆಗ್ಬಹುದು, ಅದಕ್ಕೆ ಯೂರಿನ್ ಪ್ರೋಟೀನ್, ಕ್ರಿಯಾಟಿನಿನ್, ಬಿಪಿ ಬಿಡದೆ ನೋಡಿಸ್ತಿರಿ. ಎಸ್‌ಸಿಎಲ್-70 ಇದ್ರೆ ಶ್ವಾಸಕೋಶ, ಸಿಟಿ ಸ್ಕ್ಯಾನ್ ಮತ್ತೆ ಊದೋ ಟೆಸ್ಟ್ ಬೇಕು. ಸೆಂಟ್ರೋಮಿಯರ್ ಆಂಟಿಬಾಡಿ ಇದ್ರೆ ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಏರಿದ್ಯಾ ಅಂತ ನೋಡೋಕೆ ಎಕೋ (ಹೃದಯದ ಸ್ಕ್ಯಾನ್). ಎಂಡಿಎ-5 ಬಂದು ಚರ್ಮದ ಮೇಲೆ ಗಂಟು-ಕಲೆ, ಜೊತೆಗೆ ಉಸಿರು ಕಟ್ಟಿದ ಹಾಗೆ ಆಗ್ತಿದ್ರೆ ಮುಂದಿನ ವಾರ ಹೋಗೋಣ ಅನ್ಬೇಡಿ, ಕೆಲವರಿಗೆ ವಾರಗಳಲ್ಲೇ ಶ್ವಾಸಕೋಶ ಕೆಟ್ಟೋಗತ್ತೆ, ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ.

ಆಂಟಿಫಾಸ್ಫೋಲಿಪಿಡ್ ಆಂಟಿಬಾಡಿ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು. ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು, ಚಿಕ್ಕ ವಯಸ್ಸಲ್ಲೇ ಸ್ಟ್ರೋಕ್, ಮತ್ತೆ ಮತ್ತೆ ಗರ್ಭಪಾತ, ಇವೆಲ್ಲಾ ಇದರಿಂದ ಆಗ್ಬಹುದು. ಆದ್ರೆ ಇನ್‌ಫೆಕ್ಷನ್ ಆದಾಗ ಸುಮ್ನೆ ಬಂದು ಹೋಗೋದೂ ಉಂಟು, ಅದಕ್ಕೇ ಕನಿಷ್ಠ 12 ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡಿಸ್ಲೇಬೇಕು. ಇದರ ಮೂರೂ ಟೆಸ್ಟ್ (ಲೂಪಸ್ ಆಂಟಿಕೊಆಗ್ಯುಲೆಂಟ್, ಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೋಪ್ರೋಟೀನ್) ಪಾಸಿಟಿವ್ ಇದ್ರೆ ರಿಸ್ಕ್ ಎಲ್ಲಕ್ಕಿಂತ ಜಾಸ್ತಿ, ಅಂಥವರು ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ವಾರ್ಫರಿನ್ ಮಾತ್ರೆ ತಗೋತಿದ್ರೆ ಐಎನ್‌ಆರ್ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟತ್ತೆ ಅನ್ನೋ ಟೆಸ್ಟ್) ನೋಡಿಸೋದು ರಗಳೆ ಅಂತ ತಾವೇ ರಿವರಾಕ್ಸಬಾನ್ ಅನ್ನೋ ಬೇರೆ ಮಾತ್ರೆಗೆ ಬದಲಾಯಿಸ್ಕೊಳ್ಳೋದು ಬೇಡವೇ ಬೇಡ.

ಆರ್‌ಎ ಫ್ಯಾಕ್ಟರ್ (ರುಮಟಾಯ್ಡ್ ಕೀಲುವಾತಕ್ಕೆ ನೋಡೋ ಇನ್ನೊಂದು ಆಟೋಆಂಟಿಬಾಡಿ) ಪಾಸಿಟಿವ್ ಇರೋರು ಸಿಗರೇಟು, ಬೀಡಿ ಬಿಡಿ. ಐಸ್‌ಲ್ಯಾಂಡಿನ ರೇಕ್ಯಾವಿಕ್ ಜನರ ಮೇಲೆ ಮಾಡಿದ ಸ್ಟಡೀಲಿ ಇದು ಪಾಸಿಟಿವ್ ಇದ್ದೋರಲ್ಲಿ ಸಾವು, ಹೃದಯದ ಕಾಯಿಲೆ ಎರಡೂ ಜಾಸ್ತಿ ಕಂಡಿತ್ತು. ಹಾಗಾಗಿ ಬಿಪಿ, ಶುಗರ್, ಕೊಲೆಸ್ಟ್ರಾಲ್ ಕಡೆ ಗಮನ ಇರ್ಲಿ.

ಇನ್ನು ಮನೇಲಿ 70 ದಾಟಿದೋರು ಇದ್ರೆ ಇದು ಅವರಿಗೆ. ಕೋವಿಡ್‌ನಿಂದ ಸತ್ತೋರಲ್ಲಿ ಸುಮಾರು ಶೇ. 20 ಜನಕ್ಕೆ ಟೈಪ್-1 ಇಂಟರ್‌ಫೆರಾನ್ ಮೇಲೆ ಆಟೋಆಂಟಿಬಾಡಿ ಇತ್ತು ಅಂತ 2021ರ ಸ್ಟಡೀಲಿ ಗೊತ್ತಾಯ್ತು, ವೈರಸ್ ತಡೆಯೋ ಅಸ್ತ್ರವನ್ನೇ ಅದು ಕಟ್ಟಿಹಾಕತ್ತೆ. ವಯಸ್ಸಾದ ಹಾಗೆ ಇದು ಜಾಸ್ತಿ ಆಗತ್ತೆ, ಮಾಮೂಲಿ ಲ್ಯಾಬಲ್ಲಿ ಟೆಸ್ಟ್ ಸಿಗಲ್ಲ, ಅದಕ್ಕೆ ಡಾಕ್ಟ್ರನ್ನ ಕೇಳಿ ವ್ಯಾಕ್ಸಿನ್ ಹಾಕಿಸಿ.

ಎಎನ್‌ಎ ಒಂದ್ಸಲ ಪಾಸಿಟಿವ್ ಬಂದ್ಮೇಲೆ ತಿಂಗಳು ತಿಂಗಳು ಅದನ್ನೇ ಮಾಡಿಸ್ಬೇಡಿ, ದುಡ್ಡು ದಂಡ. ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆನೇ ಕೀಲು, ಚರ್ಮ, ಕಿಡ್ನಿ ಮೇಲೆ ಬೀಳೋ ಕಾಯಿಲೆ) ಏರಿಳಿತ ಗೊತ್ತಾಗೋದು ಡಿಎಸ್-ಡಿಎನ್‌ಎ, ಸಿ3, ಸಿ4 (ರಕ್ತದ ಕಾಂಪ್ಲಿಮೆಂಟ್ ಪ್ರೋಟೀನ್‌ಗಳು), ಯೂರಿನ್ ಟೆಸ್ಟಲ್ಲಿ. ಹಳೇ ರಿಪೋರ್ಟೆಲ್ಲಾ ಒಂದೇ ಫೈಲಲ್ಲಿಟ್ಟು ರುಮಟಾಲಜಿಸ್ಟ್‌ಗೆ (ಕೀಲುವಾತ, ಲೂಪಸ್ ಥರದ ಕಾಯಿಲೆ ನೋಡೋ ಡಾಕ್ಟ್ರು) ತೋರಿಸಿ.